ಏಳೂವರೆ ಕಿಲೋಹರ್ಟ್ಸ್ ಪಕ್ಕಕ್ಕೆ

ಫಿನ್‌ಲೆಂಡಿನ ಔಲು ಪಟ್ಟಣದ ಆರೋಗ್ಯ ಕೇಂದ್ರದಲ್ಲಿ ಮೆರ್ವಿ ಕೊರ್ಕಾಲಾ ಬಹಳ ಕಾಲ ಜನರ ಕಿವಿ ಪರೀಕ್ಷೆ ಮಾಡಿದವಳು. ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜಿಗೆ ಹೋಗಿ ರೇಡಿಯೊ ತಂತ್ರಜ್ಞಾನ ಓದಿ, ಮೊಬೈಲ್ ಟವರಿನ ಯಂತ್ರಗಳನ್ನು ಪರೀಕ್ಷಿಸುವ ಪ್ರಯೋಗಾಲಯ ಸೇರಿದಳು. ಹೊಸ ಕೆಲಸ ಹೇಗಿದೆ ಎಂದು ಕೇಳಿದವರಿಗೆ, "ಅದೇ ಕೆಲ್ಸ. ಆಗ ಅಜ್ಜಂದಿರಿಗೆ ಕೇಳ್ಸತ್ತಾ ಅಂತ ನೋಡ್ತಿದ್ದೆ, ಈಗ ಪೆಟ್ಟಿಗೆಗೆ ಕೇಳ್ಸತ್ತಾ ಅಂತ ನೋಡ್ತೀನಿ. ಪೆಟ್ಟಿಗೆ ಸುಳ್ಳು ಹೇಳಲ್ಲ" ಎನ್ನುತ್ತಿದ್ದಳು.

ಅಲ್ಲಿ ನಿಜವಾದ ಫೋನು ಇರುವುದಿಲ್ಲ. ಫೋನು ಟವರಿಗೆ ಕಳಿಸುವ ಸಂಕೇತವನ್ನು, ಅಂದರೆ ಅಪ್‌ಲಿಂಕನ್ನು, ಕಂಪ್ಯೂಟರೇ ತಯಾರಿಸಿ ಕೇಬಲ್ಲಿನಲ್ಲಿ ಬಿಡುತ್ತದೆ. ಅದನ್ನು ಕ್ಷೀಣಗೊಳಿಸುತ್ತ ಹೋಗಿ, ಯಂತ್ರ ಎಲ್ಲಿಯವರೆಗೆ ಗ್ರಹಿಸುತ್ತದೆಂದು ನೋಡಬೇಕು.

ನವೆಂಬರಿನ ಒಂದು ಬೆಳಿಗ್ಗೆ, ಹಿಮದಲ್ಲಿ ಸೈಕಲ್ ತುಳಿದು ಬಂದ ಮೆರ್ವಿ ಹೊಸ ಯಂತ್ರವೊಂದನ್ನು ಮೇಜಿಗೇರಿಸಿದಳು. ಅಪ್‌ಲಿಂಕಿನ ಆವರ್ತನ, ಅಗಲ, ಟವರಿನ ಗುರುತಿನ ಸಂಖ್ಯೆ ಎಲ್ಲವನ್ನೂ ತುಂಬಿದಳು. ಸಂಕೇತ ಜೋರಾಗಿದ್ದಾಗ ಯಂತ್ರಕ್ಕೆ ಎಲ್ಲವೂ ಕೇಳಿಸಿತು. ತುಸು ಇಳಿಸಿದ್ದೇ ತಡ, ಕಿವುಡಾಯಿತು.

"ಕೇಬಲ್ ಹಾಳಾಗಿರತ್ತೆ," ಎಂದ ಪಕ್ಕದ ಮೇಜಿನ ಆರ್ತೊ. ಕೇಬಲ್ ಬದಲಾಯಿಸಿದರೂ ಅದೇ ಕಥೆ.

"ಹಾಗಾದ್ರೆ ಪೆಟ್ಟಿಗೆನೇ ಕೆಟ್ಟಿದೆ ಮಾರಾಯ್ತಿ, ವಾಪಸ್ ಕಳ್ಸು. ಬಾ, ಕ್ಯಾಂಟೀನಲ್ಲಿ ಇವತ್ತು ಸಾಲ್ಮನ್ ಮೀನಿನ ಸಾರು. ಮುಗ್ದೋಗತ್ತೆ."

"ನೀನು ಹೋಗು. ಇದು ಯಾಕೆ ಹೀಗ್ ಮಾಡತ್ತೆ ಅಂತ ನೋಡ್ಬೇಕು."

"ನಿಂಗೆ 'ಯಾಕೆ' ಅನ್ನೋದೇ ಊಟ," ಎಂದು ನಕ್ಕು ಅವನು ಹೋದ.

ಮೆರ್ವಿ ಪರದೆಯನ್ನೇ ನೋಡುತ್ತ ಕುಳಿತಳು. ಯಂತ್ರಕ್ಕೆ ತಲುಪಿದ ಸಂಕೇತ ಅಲ್ಲಿ ಚುಕ್ಕೆಗಳಾಗಿ ಕಾಣುತ್ತದೆ. ಗದ್ದಲವಿದ್ದರೆ ಚುಕ್ಕೆಗಳು ದಿಕ್ಕಾಪಾಲಾಗಿ ಚೆದುರಬೇಕು. ಇವು ಎಲ್ಲವೂ ಒಂದೇ ಕಡೆಗೆ ತಿರುಗಿ, ಕಮಾನಿನಂತೆ ಎಳೆದುಕೊಂಡಿದ್ದವು. ಸಂಕೇತಕ್ಕೆ ಸದ್ದಿನ ಕೊರತೆಯಿಲ್ಲ, ಆವರ್ತನದಲ್ಲಿ ಅದು ನಿಂತಿರುವ ಜಾಗವೇ ಬೇರೆ ಎಂದು ಹೊಳೆದು ಅಳೆದು ನೋಡಿದಳು. ಏಳೂವರೆ ಕಿಲೋಹರ್ಟ್ಸ್ ಆಚೆಗೆ, ಸರಿಯಾಗಿ ಏಳೂವರೆ! ಕೆಟ್ಟ ಯಂತ್ರ ಇಷ್ಟು ಚೊಕ್ಕವಾಗಿ ಕೆಡುವುದುಂಟೇ?

ಯಂತ್ರದ ಸೆಟ್ಟಿಂಗ್ ತೆರೆದಳು. ಫೋನುಗಳೆಲ್ಲ ಅಷ್ಟೇ ದೂರ ಸರಿದು ಮಾತಾಡಬೇಕೆಂದು ಅದು ಅಪ್ಪಣೆ ಕೊಡುತ್ತಿತ್ತು. ಇತ್ತ ತನ್ನ ತಂತ್ರಾಂಶದಲ್ಲಿ, ಅಪ್‌ಲಿಂಕ್ ಕ್ಯಾರಿಯರ್ ಎಂಬ ಪುಟದ ತಳದಲ್ಲಿ, 'ಏಳೂವರೆ ಕಿಲೋಹರ್ಟ್ಸ್ ಸರಿಸು' ಎಂಬ ಚೌಕ ಖಾಲಿ ಬಿದ್ದಿತ್ತು. ಗುರುತು ಹಾಕಿ ಸಂಕೇತವನ್ನು ಹೊಸದಾಗಿ ತಯಾರಿಸಿದಳು. ಚುಕ್ಕೆಗಳು ತಟ್ಟನೆ ತಂತಮ್ಮ ಜಾಗದಲ್ಲಿ ನಿಂತವು. ಸಂಕೇತವನ್ನು ಇಳಿಸಿದಳು, ಕೇಳಿಸಿತು. ಇನ್ನೂ ಇಳಿಸಿದಳು, ಆಗಲೂ ಕೇಳಿಸಿತು. ಒಬ್ಬಳೇ ಚಪ್ಪಾಳೆ ತಟ್ಟಿದಳು.

ಆರ್ತೊ ಹಿಂತಿರುಗಿ ಬಂದು ಎಲ್ಲ ಕೇಳಿಸಿಕೊಂಡವನೇ ಸಪ್ಪಗಾದ.

"ಅಯ್ಯೋ, ಹೋದ ವಾರ ಇಂಥದ್ದೇ ಒಂದನ್ನ ಕೆಟ್ಟಿದೆ ಅಂತ ಕಾರ್ಖಾನೆಗೆ ಕಳ್ಸಿದೀನಿ."

"ಬಿಚ್ಚೋ ಮುಂಚೆ ಫೋನ್ ಮಾಡು, ಹೋಗು."

ಅವನು ಅತ್ತ ಫೋನ್ ಮಾಡಿದ. ಯಂತ್ರವನ್ನು ಇನ್ನೂ ಬಿಚ್ಚಿರಲಿಲ್ಲ. ಇತ್ತ ಮೆರ್ವಿ, ಮೇಲ್ಮಹಡಿಯಲ್ಲಿ ಯಂತ್ರದ ತಂತ್ರಾಂಶ ಬರೆಯುವ ಸಿನಿಕ್ಕಾಳಿಗೆ ಕರೆ ಮಾಡಿದಳು.

"ಏಳೂವರೆನೇ ಯಾಕೆ?"

"ಹಳೇ ತಲೆಮಾರಿನ ಫೋನುಗಳೂ ಅದೇ ಜಾಗ ಹಂಚ್ಕೊಳ್ತವೆ. ಒಂದು ಹೆಜ್ಜೆ ಅಂದ್ರೆ ಹದಿನೈದು ಕಿಲೋಹರ್ಟ್ಸ್, ಅವು ಅರ್ಧ ಹೆಜ್ಜೆ ಪಕ್ಕಕ್ಕೆ ನಿಂತಿರ್ತವೆ. ಹೊಸವೂ ಸರಿದ್ರೆ ಎರಡೂ ಒಂದೇ ಸಾಲಿಗೆ ಬರ್ತವೆ, ಒಂದಕ್ಕೊಂದು ತಾಗಲ್ಲ."

"ಸರಿ. ಹಳೇವು ಯಾಕೆ ಪಕ್ಕಕ್ಕೆ ನಿಂತ್ವು?"

ಸಿನಿಕ್ಕಾ ಜೋರಾಗಿ ನಕ್ಕಳು. "ಅದಕ್ಕೆ ಬೋರ್ಡು ಬೇಕು, ಕಾಫಿ ಬೇಕು. ಮೇಲೆ ಬಾ."

ಮೆರ್ವಿ ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಆರ್ತೊ ಕೂಗಿದ, "ತಡಿಯೇ, ನಾನೂ ಬರ್ತೀನಿ!"