ಚಿಗವ್ವನ ಹೆಡಿಗೆ ಮತ್ತು ಗಾಳಿಯ ಲೆಕ್ಕ

ನಮ್ಮ ಹಳೇ ಕಾರಿನ ತಲೆಯ ಮೇಲೆ ಕಬ್ಬಿಣದ ಒಂದು ಕ್ಯಾರಿಯರ್ ಇತ್ತು. ಕಾರು ಕೊಳ್ಳುವಾಗಲೇ ಅದರ ಜೊತೆ ಬಂದದ್ದು. ಹಿಂದಿನ ಮಾಲೀಕ ಬಾಡಿಗೆ ಓಡಿಸುತ್ತಿದ್ದವನು. ಹೆದ್ದಾರಿಗೆ ಬಿದ್ದರೆ ಸಾಕು, ಅದರ ಸರಳುಗಳ ನಡುವೆ ಗಾಳಿ ಸಿಕ್ಕಿಕೊಂಡು ಒಂದೇ ಸಮನೆ ಸಿಳ್ಳೆ ಹೊಡೆಯುತ್ತಿತ್ತು. ಹೆಂಡತಿಗೆ ಆ ಸದ್ದು ಕೇಳಿದರೆ ತಲೆನೋವು. ನನಗೆ ಹೇಗೋ ರೂಢಿಯಾಗಿತ್ತು.

ಮನೆ ರಾಣೆಬೆನ್ನೂರಿನಲ್ಲಿ, ನೌಕರಿ ಹಾವೇರಿಯಲ್ಲಿ. ದಿನಾ ಹೋಗಿ ಬರುವುದು. ಶನಿವಾರ ಅರ್ಧ ದಿನದ ಕಚೇರಿ, ಅವತ್ತು ಮಾತ್ರ ವಾಪಸು ಬರುವಾಗ ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ಹೋಗುತ್ತಿದ್ದೆ. ಅಲ್ಲಿ ಚಿಗವ್ವ ಇದ್ದಳು, ನನ್ನ ತಾಯಿಯ ತಂಗಿ. ಹೈಸ್ಕೂಲು ಮುಗಿಯುವ ತನಕ ನಾನು ಉಂಡು ಬೆಳೆದದ್ದು ಅವಳ ಮನೆಯಲ್ಲೇ.

ಚಿಗವ್ವ ಶಾವಿಗೆ ಹೊಸೆಯುತ್ತಿದ್ದಳು. ಯಂತ್ರದ ಶಾವಿಗೆಯಲ್ಲ, ಮಣೆಯ ಮೇಲೆ ಅಂಗೈಯಿಂದ ಹೊಸೆದದ್ದು. ನೂಲಿನಷ್ಟು ಸಣ್ಣ, ಎಳೆ ಎಳೆಯೂ ಉದ್ದ. ಮನೆಯಲ್ಲಿ ಮಗ, ಸೊಸೆ, ಹೊಲ ಎಲ್ಲ ಇತ್ತು, ಉಣ್ಣುವುದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಆದರೆ ರಾಣೆಬೆನ್ನೂರಿನ ಮದುವೆ ಸಾಮಾನಿನ ಅಂಗಡಿಗೆ ಬಂದವರು "ಬ್ಯಾಡಗಿ ಅವ್ವನ ಶಾವಗಿ ಬಂದಾವೇನ್ರಿ?" ಎಂದು ಕೇಳುತ್ತಾರೆ ಎನ್ನುವುದು ಅವಳ ಹೆಮ್ಮೆ. ಬೀಗರಿಗೆ ಒಯ್ಯುವ ಬುಟ್ಟಿಯಲ್ಲಿ ಮುರಿದ ಶಾವಿಗೆ ಇಡುವಂತಿಲ್ಲ. ಅದಕ್ಕೇ ಅಗಲವಾದ ಬಿದಿರಿನ ಹೆಡಿಗೆಗಳಲ್ಲಿ ಸಡಿಲವಾಗಿ ಹರಡಿ, ಮೇಲೆ ಬಿಳಿ ಪಂಚೆ ಕಟ್ಟಿ ಕಳಿಸುತ್ತಿದ್ದಳು. ಆ ಹೆಡಿಗೆಗಳು ಕಾರಿನ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ, ಕ್ಯಾರಿಯರ್ ಮೇಲೆಯೇ ಬರಬೇಕು. ನಾನು ಮದುಮಗಳನ್ನು ಕೂರಿಸಿಕೊಂಡವನ ಹಾಗೆ ಮೆಲ್ಲಗೆ ಓಡಿಸಿಕೊಂಡು ಬಂದು ಅಂಗಡಿಗೆ ಇಳಿಸುತ್ತಿದ್ದೆ. ಭಾನುವಾರ ಖಾಲಿ ಹೆಡಿಗೆ ಮುಟ್ಟಿಸಲು ಮತ್ತೆ ಬ್ಯಾಡಗಿ. ಹೋದಮೇಲೆ ಅವಳನ್ನು ರವೆ ತರಲು ಕರೆದೊಯ್ಯುವುದು, ಮದುವೆ ಮನೆಗಳಿಗೆ ಕರೆದೊಯ್ಯುವುದು, ಒಮ್ಮೊಮ್ಮೆ ಗಳಗನಾಥದ ದೇವರಿಗೂ.

ಇದರ ಮೇಲೆ ನನಗೆ ಸಣ್ಣಗೆ ಬೇಸರ ಹುಟ್ಟಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

ಹೆದ್ದಾರಿ ಅಗಲವಾದ ವರ್ಷಗಳವು. ರಸ್ತೆ ಚೆನ್ನಾಗಾದಂತೆ ಕಾರಿನ ವೇಗ ಹೆಚ್ಚಿತು, ಡೀಸೆಲ್ ದರವೂ ಹೆಚ್ಚುತ್ತ ಹೋಯಿತು. ಹಾವೇರಿಯ ಸೈಬರ್ ಕೆಫೆಯಲ್ಲಿ ಒಂದು ಮಧ್ಯಾಹ್ನ, ಯಾವುದೋ ದೇಶದ ಜನ ತಮ್ಮ ಹಳೇ ಕಾರುಗಳಿಗೆ ರಟ್ಟು, ತಗಡು, ಟೇಪು ಅಂಟಿಸಿ ಇಂಧನ ಉಳಿಸುವ ಚಿತ್ರಗಳನ್ನು ನೋಡಿದೆ. ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಜಗ್ಗುತ್ತದೆ, ಗಾಳಿ ನುಣ್ಣಗೆ ಜಾರಿಹೋಗುವಂತೆ ಮಾಡಿದರೆ ಇಂಧನ ಉಳಿಯುತ್ತದೆ, ಇಷ್ಟೇ ಅದರ ಸಾರ. ನನ್ನ ತಲೆಗೆ ಹುಳ ಹೊಕ್ಕಿತು.

ಮುಂದಿನ ಜಾಲರಿಯನ್ನು ರೆಗ್ಜಿನ್ ಬಟ್ಟೆಯಿಂದ ಮುಚ್ಚಿದೆ. ಎಂಜಿನ್ ಕುದಿದು ಮೋಟೆಬೆನ್ನೂರಿನಲ್ಲಿ ನಿಂತಿತು, ಅರ್ಧ ಬಿಚ್ಚಿದೆ. ಗಾಲಿಗಳ ಮೇಲೆ ಹೆಂಡತಿಯ ಸ್ಟೀಲ್ ತಾಟುಗಳನ್ನು ಕೂರಿಸಿದೆ, ಆಕೆ ಒಂದು ವಾರ ನನಗೆ ಬಾಳೆ ಎಲೆಯಲ್ಲೇ ಬಡಿಸಿದಳು. ಕಾರಿನ ಹೊಟ್ಟೆಯ ಕೆಳಗೆ ಗಾಳಿ ತೊಡಕಿಕೊಳ್ಳಬಾರದೆಂದು ಒಂದು ಹಳೇ ಫ್ಲೆಕ್ಸ್ ತಂದು ಪಟ್ಟಿ ಹೊಡೆದು ಬಿಗಿದೆ. ಯಾವುದೋ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸ್ ಅದು. ಪಾಪ, ಆ ಮನುಷ್ಯ ತಿಂಗಳುಗಟ್ಟಲೆ ರಾಷ್ಟ್ರೀಯ ಹೆದ್ದಾರಿಗೆ ಕೈಮುಗಿಯುತ್ತ ಓಡಾಡಿದ.

ಉಳಿದದ್ದು ಕ್ಯಾರಿಯರ್. ಗಾಳಿಯನ್ನು ಎಲ್ಲಕ್ಕಿಂತ ಹೆಚ್ಚು ಹಿಡಿಯುವುದು ಅದೇ ಎಂದು ಸೈಬರ್ ಕೆಫೆಯಲ್ಲಿ ನೋಡಿದ ಆ ಪುಟದಲ್ಲಿತ್ತು. ಶನಿವಾರ ಬ್ಯಾಡಗಿಯಲ್ಲಿ ಹೆಡಿಗೆ ಕಟ್ಟುವಾಗ ಚಿಗವ್ವನಿಗೆ ಎಲ್ಲ ವಿವರಿಸಿದೆ. ಅಂಗೈ ಅಡ್ಡ ಹಿಡಿದು, ಉದ್ದ ಹಿಡಿದು, ಗಾಳಿ ಹೇಗೆ ತಡೆಯುತ್ತದೆ ಎಂದು ತೋರಿಸಿದೆ. ಆಕೆ ಕಣ್ಣರಳಿಸಿ ಕೇಳಿದಳು.

"ಹಂಗಾರ ನನ್ನ ಹೆಡಗೀನ ಗಾಳಿ ಹಿಡಿತಾವು ಅನ್ನು."

"ಹೆಡಗಿ ಅಲ್ಲ ಚಿಗವ್ವ, ಕ್ಯಾರಿಯರ್."

"ಎಲ್ಲಾ ಒಂದ. ತಗದ ಹಾಕೋ ತಮ್ಮಾ. ಬಸ್ಸು ಇಲ್ಲೇನು? ಬಸ್ಸಿನ್ಯಾಗ ಒಯ್ತೇನಿ. ನಿನ್ನ ಎಣ್ಣಿ ಉಳೀಲಿ."

ಬೇಡ ಎಂದು ನಾನು ಹೇಳಬೇಕಾಗಿತ್ತು. ಎರಡು ಸಲ ಬಾಯಿಮಾತಿಗೆ ಅಂದೆ, ಮೂರನೆಯ ಸಲ ಅನ್ನಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಭಾನುವಾರ ನನ್ನದಾಯಿತು ಎಂದು ಹಿಗ್ಗಿದೆ. ಮರುದಿನ ಕೊನೆಯ ಸಲ ಖಾಲಿ ಹೆಡಿಗೆ ಮುಟ್ಟಿಸಿ ಬಂದವನೇ ಪಾನಾ ಹಿಡಿದು ಕ್ಯಾರಿಯರ್ ಬಿಚ್ಚಿ ಮಾಳಿಗೆಯ ಮೇಲೆ ಒಗೆದೆ. ಈಗಲೂ ಆ ಹಿಗ್ಗು ನೆನಪಾದರೆ ಮೈ ಮುದುಡುತ್ತದೆ.

ಪರಿಣಾಮ ಅದ್ಭುತವಾಗಿತ್ತು. ಸೋಮವಾರ ಟ್ಯಾಂಕು ತುಂಬಿಸಿದರೆ ಮೊದಲು ಭಾನುವಾರ ಸಂಜೆಗೆ ಮುಳ್ಳು ತಳ ಹಿಡಿಯುತ್ತಿತ್ತು. ಈಗ ಮುಂದಿನ ಮಂಗಳವಾರ ಕಚೇರಿಯಿಂದ ಬರುವ ತನಕ ಸಾಲುತ್ತಿತ್ತು. ಕಿಲೋಮೀಟರ್ ತೋರಿಸುವ ಮೀಟರು ಎಂದೋ ಸತ್ತಿತ್ತು, ಹಾಗಾಗಿ ನನ್ನ ಅಳತೆಯೆಲ್ಲ ವಾರಗಳ ಮೇಲೆಯೇ. ಕಚೇರಿಯ ಚಹಾದ ಹೊತ್ತಿಗೆ ನನ್ನದೇ ಭಾಷಣ. ಇಬ್ಬರು ತಮ್ಮ ಕಾರುಗಳಿಗೂ ತಾಟು ಬಡಿದುಕೊಂಡರು.

ಬ್ಯಾಡಗಿಗೆ ಹೋಗುವುದು ತಪ್ಪಿತು. ಫೋನಿನಲ್ಲಿ ಚಿಗವ್ವ ಪ್ರತಿ ಸಲ ಮೊದಲು ಕೇಳುತ್ತಿದ್ದದ್ದು ನನ್ನ ಆರೋಗ್ಯವನ್ನಲ್ಲ, ಎಣ್ಣೆ ಎಷ್ಟು ಉಳಿಯಿತು ಎಂದು. ರಾಣೆಬೆನ್ನೂರಿಗೆ ಬಂದಾಗ ಹಗಲಲ್ಲಿ ನಮ್ಮ ಮನೆಗೆ ಬಂದು ಹೆಂಡತಿಯ ಕೈಗೆ ಶಾವಿಗೆಯ ಚೀಲ ಕೊಟ್ಟು, ನಾನು ಬರುವ ಮುಂಚೆಯೇ ಹೊರಟುಬಿಡುತ್ತಿದ್ದಳು. ಎಲ್ಲ ಮುರುಕು ಶಾವಿಗೆ. ಚೀಲಗಟ್ಟಲೆ ಬರುತ್ತಿತ್ತು. ನಾವು ಬೆಳಗ್ಗೆ ಅದರ ಉಪ್ಪಿಟ್ಟು, ಹಬ್ಬಕ್ಕೆ ಅದರದ್ದೇ ಪಾಯಸ ಮಾಡಿ ತಿಂದೆವು. ಒಂದು ದಿನ ನಾನು, "ಚಿಗವ್ವಗ ವಯಸ್ಸಾತು, ಶಾವಗಿ ಮೊದಲಿನ್ಹಂಗ ಬರಾಕತ್ತಿಲ್ಲ" ಎಂದೆ. ಹೆಂಡತಿ ಮತ್ತೊಂದು ಸವುಟು ಬಡಿಸಿದಳು.

ಕಚೇರಿಯ ಗೆಳೆಯರೊಬ್ಬರ ಮಗಳ ಮದುವೆ ಗೊತ್ತಾಯಿತು. ಚಿಗವ್ವನ ಶಾವಿಗೆಯೇ ಬೇಕೆಂದರು. ದೊಡ್ಡಸ್ತಿಕೆಯಿಂದ ಅವರನ್ನು ಕರೆದುಕೊಂಡು ಆ ಅಂಗಡಿಗೆ ಹೋದೆ.

"ಎಲ್ಲಿ ಶಾವಗಿರಿ?" ಎಂದ ಅಂಗಡಿಯವ. "ನಿಮ್ಮ ಚಿಗವ್ವಾರು ಬಸ್ಸಿನ್ಯಾಗ ತರತಿದ್ರು. ಮಂದಿ ಮ್ಯಾಲ ಕುಂದರತಾರ, ಕಾಲು ಇಡತಾರ. ಹೆಡಗಿ ಬಿಚ್ಚಿದ್ರ ಬರೇ ಚೂರು. ಇಲ್ಲೇ ಕಟ್ಟಿಮ್ಯಾಲ ಕುಂತು ಒಂದೊಂದ ಎಳಿ ಆರಿಸತಿದ್ರು ಪಾಪ. ನನಗೂ ನೋಡಾಕ ಆಗಲಿಲ್ರಿ. ಬ್ಯಾಡ್ರೀ ಅವ್ವಾರ, ಇನ್ನ ತರಬ್ಯಾಡ್ರಿ ಅಂದೆ."

ಗೆಳೆಯರ ಮುಂದೆ ನನ್ನ ಮುಖ ಇಷ್ಟಾಯಿತು. ನಾಚಿಕೆಯಾದದ್ದು ಅವರು ಎದುರಿಗಿದ್ದರೆಂದಲ್ಲ; ನನ್ನ ನಾಲಿಗೆಗೆ ಆ ಪಾಯಸದ ರುಚಿ ನೆನಪಾಗಿತ್ತು. ಅವಳು ಆರಿಸಿ ಮಿಕ್ಕ ಚೂರುಗಳನ್ನೇ ನಾನು ಚಪ್ಪರಿಸಿ ತಿಂದು, ಮೇಲೆ ಅವಳ ಕೈಯಲ್ಲೇ ದೋಷ ಹುಡುಕಿದ್ದೆ.

ಆದರೂ ಮನಸ್ಸು ಒಂದು ಆಸರೆ ಹುಡುಕಿತು. ಎಣ್ಣೆಯಂತೂ ಉಳಿದಿದೆಯಲ್ಲ, ಸುಮ್ಮನೆ ಮಾಡಿದ್ದಲ್ಲವಲ್ಲ ಎಂದುಕೊಂಡೆ. ಅದನ್ನು ಗಟ್ಟಿ ಮಾಡಿಕೊಳ್ಳಲೆಂದೇ ಮೀಟರಿನ ಕೇಬಲ್ ಹಾಕಿಸಿ, ಟ್ಯಾಂಕು ತುಂಬಿಸಿ, ಸರಿಯಾಗಿ ಅಳೆದೆ. ಲೀಟರಿಗೆ ಬಂದದ್ದು ಮೀಟರು ಕೆಡುವ ಮೊದಲು ಬರುತ್ತಿದ್ದಷ್ಟೇ, ಬಹಳವೆಂದರೆ ಕೂದಲೆಳೆಯಷ್ಟು ಹೆಚ್ಚು. ಮತ್ತೆ ಅಳೆದೆ, ಅಷ್ಟೇ. ಹಾಗಾದರೆ ಮಂಗಳವಾರದವರೆಗೆ ಟ್ಯಾಂಕು ಬಂದದ್ದು ಹೇಗೆ? ಕಾರಿನಲ್ಲಿ ಕೂತೇ ಯೋಚಿಸಿದೆ. ಬಹಳ ಹೊತ್ತು ಬೇಕಾಗಲಿಲ್ಲ. ಶನಿವಾರದ ಬ್ಯಾಡಗಿ ಇಲ್ಲ, ಭಾನುವಾರದ ಬ್ಯಾಡಗಿ ಇಲ್ಲ, ರವೆ ಇಲ್ಲ, ಗಳಗನಾಥ ಇಲ್ಲ. ನಾನು ಉಳಿಸಿದ್ದು ಗಾಳಿಯಿಂದಲ್ಲ, ಚಿಗವ್ವನಿಂದ. ಹೋಗದ ದಾರಿಗೆ ಎಣ್ಣೆ ಖರ್ಚಾಗುವುದಿಲ್ಲ ಎಂಬ ಸಂಗತಿಯನ್ನು ತಿಂಗಳುಗಟ್ಟಲೆ ವಿಜ್ಞಾನ ಎಂದು ಸಾರುತ್ತ ತಿರುಗಿದ್ದೆ.

ತಾಟು, ಫ್ಲೆಕ್ಸ್, ರೆಗ್ಜಿನ್ ಎಲ್ಲ ಕಿತ್ತೆ. ಮಾಳಿಗೆಯಿಂದ ಕ್ಯಾರಿಯರ್ ಇಳಿಸಿದೆ. ಹೆಂಡತಿ ಅದಕ್ಕೆ ಹೀರೆಬಳ್ಳಿ ಹಬ್ಬಿಸಿದ್ದಳು, ಬಿಡಿಸಿ ತೊಳೆದು ಕೂರಿಸಿದೆ. ಆ ಭಾನುವಾರ ಬ್ಯಾಡಗಿಗೆ ಹೊರಟೆ. ಸಿಳ್ಳೆ ಮತ್ತೆ ಶುರುವಾಯಿತು. ದಾರಿಯುದ್ದಕ್ಕೂ ಚಿಗವ್ವನಿಗೆ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಉರು ಹೊಡೆದೆ: ನನ್ನದೇ ತಪ್ಪು, ಎಣ್ಣೆ ಏನೂ ಉಳಿದಿಲ್ಲ, ಹೆಡಿಗೆ ಕಟ್ಟು.

ಆಕೆ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದಳು. ಬೆರಳುಗಳು ಉರಿದು ಕೆಂಪಾಗಿದ್ದವು. ನನಗಿಂತ ಮೊದಲು ಅವಳ ಕಣ್ಣು ಕಾರಿನ ತಲೆಯ ಮೇಲೆ ಹೋಯಿತು.

"ಇದನ್ನ್ಯಾಕ ಮತ್ತ ಹೊತಗೊಂಡ ಬಂದೀದಿ? ಗಾಳಿ ಹಿಡೀತೈತಿ ಅಂತ ನೀನ ಹೇಳಿದ್ದೆಲ್ಲೋ!"

"ಶಾವಗಿ ಒಯ್ಯಾಕ ಬಂದೇನಿ ಚಿಗವ್ವ."

"ಶಾವಗಿ ಬಿಟ್ಟೆಪಾ. ಹೊಸಿಯೋ ಮಣೀನ ಸೊಸಿ ಅಟ್ಟಕ್ಕ ಏರಸ್ಯಾಳ. ಈಗ ಖಾರಪುಡಿ ಮಾಡಾಕತ್ತೇನಿ. ಪುಡಿ ಮುರಿಯೂದಿಲ್ಲ ನೋಡು, ಬಸ್ಸಿನ್ಯಾಗ ಹೆಂಗ ಒಗದ್ರೂ ಬರತೈತಿ."

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಉರಿಯುವ ಕೈಯನ್ನು ಸೀರೆಗೆ ಒರೆಸಿಕೊಂಡು, "ಅದಿರಲಿ, ಎಣ್ಣಿ ಉಳಿದೈತಿಲ್ಲೋ? ಅಷ್ಟ ಹೇಳು" ಎಂದಳು.

ಉರು ಹೊಡೆದದ್ದನ್ನು ಅಲ್ಲೇ ಬಿಟ್ಟೆ. ಎಣ್ಣೆ ಉಳಿದಿಲ್ಲ ಎಂದರೆ, ಅವಳು ಶಾವಿಗೆ ಬಿಟ್ಟದ್ದು ಯಾವುದಕ್ಕಾಗಿ? ನನ್ನ ಎದೆಯ ಭಾರ ಇಳಿಸಿಕೊಂಡು ಅದನ್ನು ಅವಳ ತಲೆಯ ಮೇಲೆ ಇಡುವುದಾಗುತ್ತಿತ್ತು.

"ಉಳಿದೈತಿ ಚಿಗವ್ವ. ಭಾಳ ಉಳಿದೈತಿ."

"ಕೇಳಿದೇನವಾ?" ಎಂದು ಒಳಗಿದ್ದ ಸೊಸೆಗೆ ಕೂಗಿದಳು. "ನಾ ಹೇಳಿದ್ದಿಲ್ಲ? ನಮ್ಮ ಹುಡುಗ ಶಾಣ್ಯಾ ಅದಾನ!" ಆಮೇಲೆ ನನ್ನ ಕಡೆ ತಿರುಗಿ, "ಪಾನಾ ಐತೇನು ಕಾರಿನ್ಯಾಗ? ಅದನ್ನ ಇಲ್ಲೇ ತಗದ ಇಟ್ಟು ಹೋಗು. ಸುಮ್ಮನ ಯಾಕ ಎಣ್ಣಿ ಸುಡತೀ? ಮ್ಯಾಲೊಂದು ಚಾಪಿ ಹಾಸಿ ಮೆಣಸಿನಕಾಯಿ ಒಣಗಸತೇನಿ" ಎಂದಳು.

ಅವಳು ಎದುರಿಗೆ ನಿಂತಿದ್ದಂತೆಯೇ ಬಿಚ್ಚಿದೆ. ಇಬ್ಬರೂ ಹಿಡಿದು ಅದನ್ನು ಅಂಗಳದ ಬಿಸಿಲಿಗೆ ಇಟ್ಟೆವು. ಹೊರಡುವಾಗ ಒಂದು ಪೊಟ್ಟಣ ಖಾರಪುಡಿ ಕೊಟ್ಟು, ಇನ್ನು ಸುಮ್ಮಸುಮ್ಮನೆ ಇಷ್ಟು ದೂರ ಬರಬೇಡ ಎಂದಳು. ಮೋಟೆಬೆನ್ನೂರು ದಾಟಿ ಹೆದ್ದಾರಿಗೆ ಬಿದ್ದಮೇಲೆ ಸಿಳ್ಳೆಗಾಗಿ ಕಿವಿಗೊಟ್ಟೆ. ರಾಣೆಬೆನ್ನೂರು ಮುಟ್ಟುವ ತನಕ ಕಾರು ಸದ್ದಿಲ್ಲದೆ ಓಡಿತು.