ಎರಡು ಬೆರಳಿನ ಶಿಸ್ತು

ಮುಖಕ್ಷೌರದಲ್ಲಿ ಒಂದು ಇಕ್ಕಟ್ಟಿನ ಘಳಿಗೆಯಿದೆ, ಮಿತ್ರರೇ. ಕೆನ್ನೆ ಗದ್ದಗಳ ಬಯಲುಸೀಮೆಯನ್ನು ನಿರಾತಂಕವಾಗಿ ದಾಟಿಬಂದ ಕತ್ತಿ ಮೇಲ್ದುಟಿಯ ಕಣಿವೆಯಲ್ಲಿ ತಡವರಿಸುತ್ತದೆ. ಆಗ ಎಡಗೈಯ ಎರಡು ಬೆರಳುಗಳಿಂದ ಮೂಗಿನ ತುದಿಯನ್ನು ಹಿಡಿದೆತ್ತಿ ಅದಕ್ಕೆ ದಾರಿ ಮಾಡಿಕೊಡಬೇಕು. ನೋಡಿದವರಿಗೆ ಇದು ನಗೆ ತರಿಸುವ ಭಂಗಿ. ನನಗೆ ಮಾತ್ರ, ಚಾಮರಾಜಪೇಟೆಯ ಒಂದು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿ ಕನ್ನಡಿಯೊಳಗೆ ಬಂದು ಸಾಲಾಗಿ ನಿಲ್ಲುತ್ತದೆ.

ಸ್ವಾತಂತ್ರ್ಯ ಬಂದ ಹೊಸತು. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದ ವಿಶ್ವಾಸವನ್ನೇ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಉಪಾಧ್ಯಾಯನಾಗಿ ಬಂದಿದ್ದೆ. ಮಕ್ಕಳನ್ನು ಅಂಕೆಯಲ್ಲಿಡಲು ಆ ಶಾಲೆಯಲ್ಲೊಂದು ಪದ್ಧತಿಯಿತ್ತು: ಉತ್ತರ ತಿಳಿಯದವರು ಎದ್ದು ನಿಲ್ಲಬೇಕು, ಸರಿಯಾಗಿ ಹೇಳಿದ ಮಗು ನಿಂತವರೆಲ್ಲರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಮೆಲ್ಲಗೆ ಹೊಡೆದರೆ ಹೊಡೆದವರಿಗೇ ಏಟು.

“ಅಲ್ರೀ, ನಾವು ಬೆತ್ತ ಮುಟ್ಟೋದೇ ಬೇಡ. ಅವರವರೇ ತಿದ್ಕೋತಾರೆ. ಪುಕ್ಸಟ್ಟೆ ಶಿಸ್ತು!” ಎಂದು ನಗುತ್ತಿದ್ದರು, ಮಧ್ಯಾಹ್ನ ಅದೇ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದ ಹಿರಿಯ ಮೇಷ್ಟ್ರು.

ನಾನು ವಾದಿಸಿದೆ. ಅರಿವಿಗೆ ಬಹುಮಾನವಾಗಿ ಹೊಡೆಯುವ ಅಧಿಕಾರವನ್ನು ಕೊಡುವ ಶಾಲೆ ಎಂಥ ಪ್ರಜೆಗಳನ್ನು ಬೆಳೆಸೀತು ಎಂದು ಕೇಳಿದೆ. ಕೊನೆಗೆ ಹೆಡ್‌ಮಾಸ್ಟರು ಬೇಸತ್ತು, “ಆಯ್ತು ಮಾರಾಯ್ರೇ, ನಿಮ್ಮ ಪೀರಿಯಡ್‌ನಲ್ಲಿ ನಿಮ್ಮಿಷ್ಟ” ಎಂದರು. ಬೆಳಗಿನ ನನ್ನ ಪಾಠಗಳಲ್ಲಿ ಆ ಪದ್ಧತಿ ನಿಂತಿತು. ಗೆದ್ದೆನೆಂದುಕೊಂಡೆ.

ಎರಡನೆಯ ಸಾಲಿನ ಗಿರಿಜೆ ಮಾತ್ರ ಬಾಯಿ ತೆರೆಯಲಿಲ್ಲ. ಏನು ಕೇಳಿದರೂ ಸುಮ್ಮನೆ ಎದ್ದು ನಿಲ್ಲುವಳು. ಪಕ್ಕದಲ್ಲಿ ಅವಳ ಜೀವದ ಗೆಳತಿ ತುಂಗೆ, ನಿಜಕ್ಕೂ ಏನೂ ತಿಳಿಯದೆ ನಿಂತಿರುವಳು. ಕಾಟನ್‌ಪೇಟೆಯಲ್ಲಿ ನೂಲಿನ ಅಂಗಡಿಯಿಟ್ಟಿದ್ದ ಗಿರಿಜೆಯ ತಂದೆ ಒಂದು ಬೆಳಿಗ್ಗೆ, ಹಣೆಯ ವಿಭೂತಿ ಆರುವ ಮುನ್ನವೇ, ತರಗತಿಯ ಬಾಗಿಲಿಗೆ ಬಂದರು.

“ದಡ್ಡಿ ಅಂತ ಎಲ್ರೂ ಅಂತಾರೆ ಸ್ವಾಮಿ. ನನ್ನೆದುರಿಗೇ ಒಂದು ಮಗ್ಗಿ ಕೇಳಿ. ಹೇಳಿದ್ರೆ ಓದ್ಲಿ, ಇಲ್ದಿದ್ರೆ ಶಾಲೆ ಸಾಕು, ಮನೇಲಿ ತಮ್ಮನ್ನಾದ್ರೂ ಎತ್ಕೊಳ್ಲಿ.”

ಏಳೆಂಟ್ಲ ಎಷ್ಟೆಂದು ತುಂಗೆಯನ್ನು ಕೇಳಿದೆ, ನೆಲ ನೋಡಿದಳು. ಗಿರಿಜೆಯನ್ನು ಕೇಳಿದೆ. ಅವಳ ತುಟಿ ಅಲುಗಿತು. ಕಣ್ಣು ಗೆಳತಿಯ ಕೆನ್ನೆಯತ್ತ ಹೊರಳಿತು.

“ಗೊತ್ತಿಲ್ಲ ಸಾರ್.”

ತಂದೆ ಸ್ಲೇಟನ್ನು ಎತ್ತಿಕೊಂಡು ಹೊರಟರು. ಮಗಳು ಹಿಂದೆ ನಡೆದಳು. ತುಂಗೆ ಬಿಕ್ಕತೊಡಗಿದಳು.

“ಅವಳಿಗೆ ಗೊತ್ತು ಸಾರ್. ನಂಗೆ ಮಗ್ಗಿ ಹೇಳ್ಕೊಡೋದೇ ಅವಳು. ಉತ್ತರ ಹೇಳಿದ್ರೆ ನನ್ನ ಹೊಡೀಬೇಕಲ್ಲ, ಅದಕ್ಕೆ.”

“ಇಲ್ಲಿ ಹೊಡೆಯೋದು ಇಲ್ವಲ್ಲಮ್ಮ?”

“ಬೆಳಿಗ್ಗೆ ಗೊತ್ತು ಅಂದ್ಬಿಟ್ರೆ, ಮಧ್ಯಾಹ್ನ ಆ ಮೇಷ್ಟ್ರತ್ರ ಗೊತ್ತಿಲ್ಲ ಅನ್ನೋಕಾಗುತ್ತಾ ಸಾರ್?”

ಅಂದು ಸಂಜೆಯೇ ಗಿರಿಜೆಯ ತಂದೆಯ ಅಂಗಡಿಗೆ ಹೋಗಿ ನನ್ನಲ್ಲಿದ್ದ ವಾಕ್ಚಾತುರ್ಯವನ್ನೆಲ್ಲ ಸುರಿದೆ. ಅವರು ನೂಲಿನ ಲಡಿಗಳನ್ನು ಜೋಡಿಸುತ್ತಲೇ ಕೇಳಿಸಿಕೊಂಡು, “ಗೊತ್ತಿದ್ದೂ ಬಾಯ್ಮುಚ್ಕೊಂಡಿರೋದನ್ನ ಮನೇಲೇ ಕಲೀಬಹುದು ಸ್ವಾಮಿ” ಎಂದರು. ಏಟು ತಿನ್ನುವ ಮಗುವಿನ ಪರವಾಗಿ, ಹೊಡೆದು ರೂಢಿಯಾಗುವ ಮಗುವಿನ ಪರವಾಗಿ ಗಂಟೆಗಟ್ಟಲೆ ಮಾತನಾಡಿದ್ದವನಿಗೆ, ಹೊಡೆಯಲಾರದೆ ತನ್ನ ಅರಿವನ್ನೇ ನುಂಗಿಕೊಳ್ಳುವ ಮಗುವೂ ಇದ್ದೀತೆಂದು ಹೊಳೆದೇ ಇರಲಿಲ್ಲ. ಒಂದು ಕೋಣೆಯಲ್ಲಿ ಗೆದ್ದ ನ್ಯಾಯ ಮಧ್ಯಾಹ್ನದ ಗಂಟೆಯವರೆಗೂ ಬಾಳುವುದಿಲ್ಲ.

ಈಗಲೂ ಬೆಳಿಗ್ಗೆ ಬೆರಳುಗಳು ಮೂಗಿನ ತುದಿಗೆ ಹೋದಾಗ, ಕನ್ನಡಿಯ ಮುಖ ಏಟಿಗೆ ಕಾದು ನಿಂತಂತೆ ಕಾಣುತ್ತದೆ. ಕತ್ತಿಯನ್ನು ಕೆಳಗಿಡುತ್ತೇನೆ. “ಏಳೆಂಟ್ಲ ಐವತ್ತಾರು” ಎನ್ನುತ್ತೇನೆ, ಗಟ್ಟಿಯಾಗಿ. ತುಟಿಯ ಮೇಲಿನ ನೊರೆ ನಿಧಾನವಾಗಿ ಒಣಗುತ್ತದೆ.