ಚೇಳಿನೆದೆಯ ಕೆಂಪು ಚುಕ್ಕಿ

ನಾನು ಹುಟ್ಟಿದ್ದು ಜ್ಯೇಷ್ಠಾ ನಕ್ಷತ್ರದಲ್ಲಿ. ನಮ್ಮ ಕಡೆ ಜ್ಯೇಷ್ಠಾ ನಕ್ಷತ್ರದ ಹುಡುಗಿ ಅಂದರೆ ಗಂಡನ ಅಣ್ಣನಿಗೆ ಕಂಟಕ. ಅವಳು ಕಾಲಿಟ್ಟ ಮನೆಯಲ್ಲಿ ಭಾವ ಉಳಿಯುವುದಿಲ್ಲ ಅಂತ ಅರಕಲಗೂಡಿನ ನಮ್ಮ ಬೀದಿಯವರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಿದ್ದರು. ನನ್ನನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ನಕ್ಷತ್ರ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದವರೇ. ಕೊನೆಗೆ ಹೊಳೆನರಸೀಪುರದ ಸಂಬಂಧ ಕೂಡಿಬರುವ ಹೊತ್ತಿಗೆ ನನ್ನ ನಕ್ಷತ್ರ ಅನುರಾಧಾ ಆಗಿಬಿಟ್ಟಿತ್ತು. ಗಂಡನ ಮನೆಗೆ ಹೊರಡುವ ದಿನ ಅಪ್ಪ ನನ್ನನ್ನು ಹಿತ್ತಿಲಿಗೆ ಕರೆದು, "ಯಾರಾದ್ರೂ ಕೇಳಿದ್ರೆ ಅನುರಾಧಾ ಅನ್ನು. ಬಾಯ್ ತಪ್ಪಿ ಇನ್ನೊಂದ್ ಅಂದ್ಬುಟ್ಟೀಯ, ಉಸಾರು ಕಣವ್ವಾ" ಅಂದರು.

ಆ ಮನೆಯಲ್ಲಿ ಭಾವ ಇದ್ದರು. ಸ್ಕೂಲು ಮೇಷ್ಟ್ರು, ವಿಜ್ಞಾನ ಹೇಳಿಕೊಡುವವರು. ದೇವರಂಥ ಮನುಷ್ಯ, ನನಗೆ ಕಷ್ಟ ಬಂದಿದ್ದೇ ಅದರಿಂದ. ಕೆಟ್ಟವರಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ! ಅವರು ಕೆಮ್ಮಿದರೆ ಕೈಲಿದ್ದ ಪಾತ್ರೆ ಕೆಳಗಿಟ್ಟು, ಇನ್ನೊಂದು ಕೆಮ್ಮು ಬರುತ್ತದೇನೋ ಅಂತ ಕಿವಿಗೊಡುತ್ತಿದ್ದೆ. ಸೈಕಲ್ಲು ಹತ್ತಿ ಹೊಳೆ ಕಡೆ ಹೋದರೆ, ವಾಪಸ್ಸು ಬರುವವರೆಗೆ ಊಟಕ್ಕೆ ಕೂರುತ್ತಿರಲಿಲ್ಲ. ತಮ್ಮನ ಹೆಂಡತಿಯಾದವಳು ಭಾವನ ಎದುರು ನಿಂತು ಮಾತಾಡುವ ಹಾಗಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಿಂದ, ಅತ್ತೆಯ ಮೂಲಕ. ಸದ್ಯ, ನನ್ನ ಮುಖ ಅವರಿಗೆ ಕಾಣುವುದಿಲ್ಲವಲ್ಲ ಅಂದುಕೊಂಡಿದ್ದೆ.

ಮಹಾಲಯ ಕಳೆದ ಮೇಲೆ ಒಂದು ಸಂಜೆ, ದೀಪ ಹಚ್ಚಿ ಆಗಿತ್ತು. ಭಾವ ಅಂಗಳದಲ್ಲಿ ಅತ್ತೆಯ ಪಕ್ಕ ಕೂತು ನೈಋತ್ಯದ ಕಡೆ ಬೆರಳು ಮಾಡಿದರು. "ಅವ್ವಾ, ಆ ಚೇಳಿನಾಕಾರ ನೋಡು. ಅದರ ಎದೆಲಿರೋ ಕೆಂಪು ಚುಕ್ಕಿ ಇದೆಯಲ್ಲ, ಅದೇ ಜ್ಯೇಷ್ಠಾ."

ಬಾಗಿಲ ಹಿಂದೆ ಹೂ ಕಟ್ಟುತ್ತಿದ್ದ ನಾನು ದಾರ ಬಿಟ್ಟು ಬಾಗಿಲಿಗೆ ಕಿವಿಗೊಟ್ಟೆ.

"ಥೂ, ದೀಪ ಅಚ್ಚೋ ಒತ್ನಲ್ಲಿ ಅದರೆಸ್ರು ಯಾಕ್ಲಾ ಎತ್ತೀಯ?" ಅಂದರು ಅತ್ತೆ.

"ಹೆಸರು ನಾವಿಟ್ಟಿದ್ದು ಕಣವ್ವಾ. ಗ್ರೀಕರು ಅದನ್ನೇ ಕುಜನ ಎದುರಾಳಿ ಅಂದ್ರು. ಈಗ ಆಕಾಶ ಓದೋರು ಒಂದೊಂದು ರಾಶಿಲೂ ಚುಕ್ಕಿಗಳಿಗೆ ಹೆಚ್ಚೂಕಮ್ಮಿ ಬೆಳಕಿನ ವರಸೆಲಿ ಅಕ್ಷರ ಕೊಟ್ಟವ್ರೆ. ಚೇಳಿನಲ್ಲಿ ಇದಕ್ಕೆ ಮೊದಲನೇ ಅಕ್ಷರ. ಸ್ಕೂಲಲ್ಲಿ ಹಾಜರಿ ಕೂಗ್ದಂಗೆ, ಅಷ್ಟೇಯ."

ನನಗೆ ಕೇಳಿಸಿದ್ದು ಕುಜ ಅನ್ನುವುದೊಂದೇ. ಜ್ಯೇಷ್ಠಾ ಸಾಲದು ಅಂತ ಕುಜ ಬೇರೆ!

ಭಾವ ಬಿಡಲಿಲ್ಲ. ಮುಖದ ಮುಂದೆ ಬೆರಳು ಹಿಡಿದು, ಒಂದು ಸಲ ಈ ಕಣ್ಣು ಒಂದು ಸಲ ಆ ಕಣ್ಣು ಮುಚ್ಚಿ ನೋಡಲು ಅತ್ತೆಗೆ ಹೇಳಿದರು. ಬೆರಳು ಸರಿದ ಹಾಗೆ ಕಾಣುತ್ತದಲ್ಲ, ಭೂಮಿ ಸೂರ್ಯನ ಈ ಪಕ್ಕದಿಂದ ಆ ಪಕ್ಕಕ್ಕೆ ಹೋದಾಗ ಹತ್ತಿರದ ಚುಕ್ಕಿಯೂ ದೂರದವುಗಳ ಮುಂದೆ ಕೂದಲೆಳೆಯಷ್ಟು ಸರಿಯುತ್ತದೆ, ಅದರಿಂದಲೇ ದೂರ ಅಳೆಯುತ್ತಾರೆ ಅಂದರು. ಬಣ್ಣ ನೋಡಿ ಶಾಖ ಹೇಳುತ್ತಾರಂತೆ. ಕುಲುಮೆಯಲ್ಲಿ ಬೆಳ್ಳಗೆ ಕಾದ ಕಬ್ಬಿಣಕ್ಕಿಂತ ಕೆಂಪಗೆ ಕಾದದ್ದರ ಬಿಸಿ ಕಡಿಮೆ, ಹಾಗೇ ಕೆಂಪು ಚುಕ್ಕಿಯ ಬಿಸಿಯೂ ಕಡಿಮೆಯಂತೆ. "ಇದರ ಬೆಳಕು ನಮ್ಮ ತಾತನ ತಾತ ಹುಟ್ಟೋಕೂ ಮುಂಚೆ ಹೊರಟಿದ್ದು, ಈಗ ಬಂದು ಮುಟ್ತಾ ಅದೆ. ಅದಕ್ಕೆ ಯಾರ ಮನೆ ಸೊಸೆ ಗೊತ್ತು, ಯಾರ ಮನೆ ಭಾವ ಗೊತ್ತು?"

ಬೇರೆಯವರಾಗಿದ್ದರೆ ಸಮಾಧಾನ ಪಡುತ್ತಿದ್ದರು. ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು. ಅಷ್ಟು ಹಿಂದೆಯೇ ಹೊರಟಿದೆ ಅಂದರೆ, ನಾವು ಹುಟ್ಟುವ ಮೊದಲೇ ನಮ್ಮ ಮನೆ ವಿಳಾಸ ಹಿಡಿದು ಹೊರಟಿದೆ! ಇನ್ನು ಅದನ್ನು ದಾರಿಯಲ್ಲಿ ತಡೆಯುವವರು ಯಾರು?

ದೀಪಾವಳಿಗೆ ಮುಂಚೆ ಭಾವನಿಗೆ ಚಳಿಜ್ವರ ಹಿಡಿಯಿತು. ಅವರ ಹೆಂಡತಿ ಹೆರಿಗೆಗೆಂದು ಚನ್ನರಾಯಪಟ್ಟಣದ ತವರಿಗೆ ಹೋಗಿದ್ದರು. ಯುದ್ಧದ ಕಾಲ, ನಮ್ಮೂರಲ್ಲಿ ಕ್ವಿನೈನ್ ಸಿಗಲಿಲ್ಲ. ನನ್ನ ಗಂಡ ರೈಲು ಹತ್ತಿ ಹಾಸನಕ್ಕೆ ಓಡಿದರು. ಎಷ್ಟು ಕಂಬಳಿ ಹೊದಿಸಿದರೂ ಭಾವ ಮಲಗಿದ್ದ ಮಂಚ ಗಡಗಡ ಅನ್ನುತ್ತಿತ್ತು. ಅಡುಗೆಮನೆಯಲ್ಲಿ ಕೂತ ನನಗೆ ಆ ಸದ್ದು ಕೇಳುತ್ತಿತ್ತು. ನಾನು ದೂರವಾದರೆ ಅವರು ಉಳಿದಾರು ಅಂತ ಬಟ್ಟೆ ಗಂಟು ಕಟ್ಟಿದೆ, ಅತ್ತೆಗೆ ಏನು ಹೇಳಿ ಹೋಗಲಿ ಅಂತ ಬಿಚ್ಚಿದೆ. ಇನ್ನೂ ಹುಟ್ಟದ ಕೂಸಿಗೆ ಅಪ್ಪ ಇಲ್ಲದ ಹಾಗೆ ಮಾಡಿದೆನಲ್ಲ, ಪಾಪಿ ನಾನು, ಅಂತ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದೆ.

ಕ್ವಿನೈನ್ ಬಂತು. ನಿಧಾನವಾಗಿ ಜ್ವರ ಇಳಿಯಿತು. ಅತ್ತೆ ಹರಕೆ ತೀರಿಸಲು ಗುಡಿಗೆ ಹೋಗಿದ್ದ ಬೆಳಗ್ಗೆ, ಗಂಜಿ ಲೋಟ ಹೊಸ್ತಿಲ ಮೇಲಿಟ್ಟು ತಿರುಗಿದೆ.

"ನಿಲ್ಲಮ್ಮಾ" ಅಂದರು ಭಾವ. ಅವರು ನನ್ನನ್ನು ನೇರವಾಗಿ ಮಾತಾಡಿಸಿದ್ದು ಅದೇ ಮೊದಲು. "ಅನುರಾಧಾ ಅನ್ನಿ ಅಂತ ನಿಮ್ಮಪ್ಪಂಗೆ ಹೇಳಿಕೊಟ್ಟೋನು ನಾನೇ. ಅವರು ನನ್ನ ಹತ್ರ ನಿಜಾನೇ ಹೇಳಿದ್ರು. ಪಕ್ಕದ ಚುಕ್ಕಿ ತಾನೆ, ನಮ್ಮವ್ವಂಗೇನು ಗೊತ್ತಾಯ್ತದೆ ಅಂದೆ. ಆವತ್ತು ಅಂಗಳದಲ್ಲಿ ಅಷ್ಟೆಲ್ಲ ಕೊರೆದದ್ದೂ ನಿನಗೆ ಕೇಳಿಸ್ಲಿ ಅಂತ್ಲೇಯ."

ಅಯ್ಯೋ, ಈ ಮಾತು ಮೊದಲೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಅಂತ ನನಗೆ ಸಿಟ್ಟು ಬಂತು.

ಅವರು ನನ್ನ ಕಡೆ ನೋಡಲಿಲ್ಲ. "ಆದ್ರೆ ಜ್ವರ ನೆತ್ತಿಗೇರಿದ ದಿನ, ಇದು ನಿನ್ನಿಂದ್ಲೇ ಬಂತು ಅಂತ ನನಗೂ ಅನ್ನಿಸ್ತು ಕಣಮ್ಮಾ. ಇವಳನ್ನ ತವರಿಗೆ ಕಳಿಸು ಅಂತ ಅವ್ವಂಗೆ ಹೇಳೋಕೆ ಬಾಯಿ ತೆಗ್ದೆ. ನಾಲಿಗೆ ಹೊರಳಲಿಲ್ಲ. ಅದಕ್ಕೇ ನೀನಿನ್ನೂ ಇಲ್ಲಿದೀಯ."

ಹೊಸ್ತಿಲ ಮೇಲಿದ್ದ ಲೋಟ ಎತ್ತಿ ಅವರ ಕೈಗೇ ಕೊಟ್ಟೆ. ಅವರು ಒಂದು ಉಸಿರಿನಷ್ಟು ಹೊತ್ತು ಗಂಜಿಯನ್ನೇ ನೋಡಿದರು, ಆಮೇಲೆ ಕುಡಿದರು. ಕುಡಿದು ಮುಗಿಸುವವರೆಗೂ ನಾನು ಅಲ್ಲೇ ನಿಂತಿದ್ದೆ, ಅವರಿಗಿಂತ ಹೆಚ್ಚು ಹೆದರಿಕೊಂಡು.